ಹಸಿದ ದಂಡು, ಕೊಟ್ಟ ಮಾತು

ಕಳೆದ ತಿಂಗಳು ಕೊಪ್ಪಳದಲ್ಲಿ ಇತಿಹಾಸದಲ್ಲಿ ಆಸಕ್ತಿಯುಳ್ಳ ಗೆಳೆಯರು ಸೇರಿಸಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳನ್ನು ಬರೆದು ಕೊಡಬೇಕೆಂದು ಹಲವರು ಕೇಳಿದ್ದರಿಂದ, ಅಂದು ಹೊತ್ತು ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿ ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆದ ಎಂಟು ವರ್ಷಗಳಲ್ಲಿ ಅಲ್ಲಿಯ ಸಾಮಾನ್ಯ ಸೈನಿಕರು ಉಂಡ ಕಷ್ಟ, ಆ ಕಷ್ಟದಿಂದ ಹುಟ್ಟಿದ ದಂಗೆಗಳು, ಆ ದಂಗೆಗಳನ್ನು ಮೇಲಿನವರು ನಿಭಾಯಿಸಿದ ಬಗೆ, ಇವೇ ಅಂದಿನ ವಿಷಯವಾಗಿದ್ದವು.

ಸಭೆ ಆರಂಭವಾಗುವ ಮುನ್ನವೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, 'ಅಮೆರಿಕದ ಸುದ್ದಿ ನಮಗ್ಯಾಕ್ರೀ ಸರ?' ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್ ಎಂಬ ಊರಿನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, 1786ರಲ್ಲಿ ಗವರ್ನರ್ ಜನರಲ್ ಆಗಿ ನಮ್ಮ ದೇಶಕ್ಕೆ ಬಂದ. ಟಿಪ್ಪು ಸುಲ್ತಾನನ ಮೇಲೆ ಅವನ ಕಾಲದಲ್ಲಿ ನಡೆದ ಯುದ್ಧದ ಭಾಗವಾಗಿಯೇ ನಿಜಾಮನ ಸೈನ್ಯವೂ ಕಂಪನಿಯ ತುಕಡಿಗಳೂ 1790ರಲ್ಲಿ ನಮ್ಮ ಕೊಪ್ಪಳದ ಕೋಟೆಗೆ ಮುತ್ತಿಗೆ ಹಾಕಿದವು. ಸುಮಾರು ಆರು ತಿಂಗಳು ತಡೆದು ನಿಂತ ಕೋಟೆ 1791ರ ಏಪ್ರಿಲ್‌ನಲ್ಲಿ ಅವರ ಕೈಸೇರಿತು. ಅತ್ತ ಪೆನ್ಸಿಲ್ವೇನಿಯಾ ರಾಜ್ಯದವರು 1782ರಲ್ಲಿ ತಮ್ಮ ಯುದ್ಧನೌಕೆಯೊಂದಕ್ಕೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು. ಅಂದಿನ ಲೋಕ ನಾವು ತಿಳಿದಷ್ಟು ದೂರದ್ದಾಗಿರಲಿಲ್ಲ. ಆದರೂ ಈ ನಂಟಿನ ಎಳೆಗಾಗಿ ನಾನು ಈ ವಿಷಯವನ್ನು ಆರಿಸಿಕೊಂಡವನಲ್ಲ. ನಮ್ಮ ಕಡೆ ಯುದ್ಧದ ಕಥೆ ಹೇಳುವಾಗ ಕೋಟೆ, ಕತ್ತಿ, ಸೇನಾಪತಿ ಇಷ್ಟರಲ್ಲೇ ಮಾತು ಮುಗಿಯುತ್ತದೆ. ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿ ಮುಂಡರಗಿಯಂಥ ಗಡಿ ಶಿಬಿರಗಳಲ್ಲಿ ಇದ್ದವರ ಬಗ್ಗೆ ನಾನು ಬಾಲ್ಯದಿಂದ ಕೇಳಿದ ಕಥೆಗಳಲ್ಲಿಯೂ ಬಂದೂಕಿನ ಸದ್ದಿದೆ, ಅಡುಗೆಮನೆಯ ಹೊಗೆಯಿಲ್ಲ. ಬೆಳಗ್ಗೆ ಎದ್ದ ಹೋರಾಟಗಾರ ಏನು ತಿಂದ, ಅವನ ಮನೆಯಲ್ಲಿ ಹೆಂಡತಿ ಮಕ್ಕಳು ಏನು ತಿಂದರು, ತಿನ್ನಲು ಇಲ್ಲದ ದಿನ ಅವನು ಯಾರ ಮುಂದೆ ಹೋಗಿ ನಿಂತ ಎಂಬುದನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕೆಂಬುದು ನನ್ನ ಆಸೆ. ಅಮೆರಿಕದ ಆ ಸೈನ್ಯದ ದಾಖಲೆಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ರಾಜನ ಸೈನ್ಯದ ಕಷ್ಟ ಬೇರೆ, ಕ್ರಾಂತಿಯ ಸೈನ್ಯದ ಕಷ್ಟ ಬೇರೆ. ರಾಜನಿಗೆ ಖಜಾನೆಯಿದೆ, ತೆರಿಗೆ ಎತ್ತುವ ಅಧಿಕಾರವಿದೆ, ತಲೆಮಾರುಗಳಿಂದ ನಡೆದುಬಂದ ಉಗ್ರಾಣವಿದೆ. 1775ರ ಜೂನ್ 14ರಂದು ಫಿಲಡೆಲ್ಫಿಯಾದಲ್ಲಿ ಸೇರಿದ್ದ ಹದಿಮೂರು ವಸಾಹತುಗಳ ಕಾಂಗ್ರೆಸ್ಸು ಸೈನ್ಯವೊಂದನ್ನು ಕಟ್ಟಲು ತೀರ್ಮಾನಿಸಿ ಮರುದಿನ ಜಾರ್ಜ್ ವಾಷಿಂಗ್ಟನ್ ಅವರನ್ನು ಅದರ ದಂಡನಾಯಕನನ್ನಾಗಿ ಆರಿಸಿದಾಗ, ಆ ಕಾಂಗ್ರೆಸ್ಸಿಗೆ ಒಂದು ಕಾಸಿನ ತೆರಿಗೆ ಹಾಕುವ ಅಧಿಕಾರವೂ ಇರಲಿಲ್ಲ. ರಾಜ್ಯಗಳು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಹೀಗಾಗಿ ಸೈನಿಕನಿಗೆ ಕೊಡಲು ಅದರ ಬಳಿ ಇದ್ದದ್ದು ಕಾಗದದ ನೋಟು ಮತ್ತು ಮಾತು. ತಿಂಗಳಿಗೆ ಆರೂ ಮುಕ್ಕಾಲಿಗೆ ತುಸು ಕಡಿಮೆ ಡಾಲರ್ ಪಗಾರ, ದಿನಕ್ಕೆ ಒಂದು ಪೌಂಡು ಮಾಂಸ, ಒಂದು ಪೌಂಡು ಬ್ರೆಡ್ಡು ಅಥವಾ ಹಿಟ್ಟು, ಒಂದಿಷ್ಟು ಹಾಲು, ವಾರಕ್ಕಿಷ್ಟು ಬಟಾಣಿ, ಇಷ್ಟು ಅಕ್ಕಿ, ಯುದ್ಧ ಮುಗಿಯುವ ತನಕ ಇದ್ದವನಿಗೆ ನೂರು ಎಕರೆ ಭೂಮಿ. ಕಾಗದದ ಮೇಲೆ ಇದು ಅಂದಿನ ಯಾವ ಸೈನ್ಯದ ಪಡಿಗೂ ಕಡಿಮೆಯದಲ್ಲ. ಜೊತೆಗೆ ಇನ್ನೊಂದು ಸಂಗತಿಯಿದೆ. ರಾಜನ ಸಿಪಾಯಿಗೆ 'ಹೇಳಿದ್ದನ್ನು ಮಾಡು' ಎಂದರೆ ಸಾಕಿತ್ತು. ಈ ಸೈನಿಕನಿಗೆ ಮಾತ್ರ 'ನೀನು ಸ್ವತಂತ್ರ ಮನುಷ್ಯ, ಅನ್ಯಾಯವನ್ನು ಸಹಿಸಬೇಡ' ಎಂದು ಹೇಳಿಯೇ ಕೈಗೆ ಬಂದೂಕು ಕೊಟ್ಟಿದ್ದರು. ಅದೇ ಮಾತನ್ನು ಅವನು ಮುಂದೊಂದು ದಿನ ತನ್ನ ಅಧಿಕಾರಿಗಳ ಕಡೆಗೇ ತಿರುಗಿಸಿ ಕೇಳಿದರೆ ಅದರಲ್ಲಿ ಆಶ್ಚರ್ಯವೇನಿದೆ?

1776ರ ಕೊನೆಯ ವಾರದಲ್ಲಿ ಈ ಸಂಬಂಧದ ಸ್ವರೂಪ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಡಿಸೆಂಬರ್ 26ರಂದು ಟ್ರೆಂಟನ್‌ನಲ್ಲಿ ಗೆಲುವು ಸಿಕ್ಕಿತ್ತು, ಆದರೆ 31ಕ್ಕೆ ಬಹುಪಾಲು ಸೈನಿಕರ ಒಂದು ವರ್ಷದ ಕರಾರು ಮುಗಿಯುವುದಿತ್ತು. ಇನ್ನು ಆರು ವಾರ ಇರುವವರಿಗೆ ಹತ್ತು ಡಾಲರ್ ಇನಾಮು ಕೊಡುವುದಾಗಿ ವಾಷಿಂಗ್ಟನ್ ಘೋಷಿಸಿದರು. ನಗಾರಿ ಬಾರಿಸಿ, ಒಪ್ಪಿದವರು ಮುಂದೆ ಬನ್ನಿ ಎಂದಾಗ ಒಂದು ರೆಜಿಮೆಂಟಿನಲ್ಲಿ ಒಬ್ಬನೂ ಕಾಲು ಕದಲಿಸಲಿಲ್ಲ. ಕುದುರೆಯನ್ನು ತಿರುಗಿಸಿ ಹೊರಟಿದ್ದ ವಾಷಿಂಗ್ಟನ್ ಮತ್ತೆ ಅವರ ಮುಂದೆ ಬಂದು, ನಾನು ಕೇಳಿದ್ದನ್ನೆಲ್ಲ ನೀವು ಮಾಡಿದ್ದೀರಿ, ಅದಕ್ಕಿಂತಲೂ ಹೆಚ್ಚು ಮಾಡಿದ್ದೀರಿ, ದಣಿದಿದ್ದೀರಿ, ಆದರೂ ನಿಮ್ಮನ್ನು ಬಿಟ್ಟರೆ ಬೇರೆ ಯಾರನ್ನು ಕೇಳಲಿ ಎಂಬ ಅರ್ಥದ ಮಾತುಗಳನ್ನಾಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೊದಲು ಕೆಲವರು, ಬಳಿಕ ನಡೆಯಬಲ್ಲವರೆಲ್ಲ ಮುಂದೆ ಬಂದರು. ಹತ್ತು ಡಾಲರಿಗೆ ಕದಲದ ಕಾಲುಗಳು ಕದಲಿದ್ದು ತಮ್ಮ ಪಾಡು ಇವರಿಗೆ ಗೊತ್ತಿದೆ ಎಂದು ತಿಳಿದಾಗ. ಕೊಟ್ಟ ಹಣವೂ ಸುಳ್ಳಾಗಲಿಲ್ಲ ಎಂಬುದನ್ನು ಮರೆಯಬಾರದು. ಅದನ್ನು ಫಿಲಡೆಲ್ಫಿಯಾದ ವರ್ತಕ ರಾಬರ್ಟ್ ಮಾರಿಸ್ ಹೇಗೋ ಹೊಂದಿಸಿ ಕಳುಹಿಸಿದ್ದರು.

ಫಿಲಡೆಲ್ಫಿಯಾ ಸಮೀಪದ ವ್ಯಾಲಿ ಫೋರ್ಜ್ ಎಂಬ ಬಿಡಾರದ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. 1777ರ ಡಿಸೆಂಬರ್ 19ರಿಂದ ಮುಂದಿನ ಜೂನ್ 19ರವರೆಗೆ ಸುಮಾರು ಹನ್ನೊಂದು ಹನ್ನೆರಡು ಸಾವಿರ ಮಂದಿ ಅಲ್ಲಿ ಬೀಡುಬಿಟ್ಟಿದ್ದರು. ಅವರಲ್ಲಿ ಎರಡು ಸಾವಿರದಷ್ಟು ಜನ ಒಂದೇ ಒಂದು ಕದನವೂ ನಡೆಯದೆ, ಹೆಚ್ಚಾಗಿ ವಿಷಮಶೀತ ಜ್ವರ, ಟೈಫಸ್, ಆಮಶಂಕೆಗಳಿಂದ ಸತ್ತರು. ಬರಿಗಾಲು ಮತ್ತು ಬಟ್ಟೆಯಿಲ್ಲದ ಕಾರಣಕ್ಕೆ 2,898 ಮಂದಿ ಕೆಲಸಕ್ಕೆ ಬಾರದವರಾಗಿದ್ದಾರೆಂದು ವಾಷಿಂಗ್ಟನ್ ಡಿಸೆಂಬರ್ 23ರ ಪತ್ರದಲ್ಲಿ ಕಾಂಗ್ರೆಸ್ಸಿಗೆ ಬರೆದರು. ಅಂದಾಜಿನ ಸಂಖ್ಯೆಯಲ್ಲ, ತಲೆ ಎಣಿಸಿದ ಸಂಖ್ಯೆ ಎಂಬುದನ್ನು ಗಮನಿಸಬೇಕು. ಹಿಟ್ಟಿಗೆ ನೀರು ಕಲಸಿ ಬಿಸಿಕಲ್ಲಿನ ಮೇಲೆ ಸುಟ್ಟ ಬಿಲ್ಲೆಯೇ ಎಷ್ಟೋ ದಿನ ಅವರ ಊಟ. ನಮ್ಮ ಸುಡು ರೊಟ್ಟಿಗೆ ಹಿಂಡಿ ಪಲ್ಯೆಯಾದರೂ ಇರುತ್ತದೆ. ಅವರಿಗೆ ಉಪ್ಪೂ ಇರಲಿಲ್ಲ.

ಇಲ್ಲಿ ತಿಳಿಯಬೇಕಾದ ಸಂಗತಿಯೆಂದರೆ ಆ ವರ್ಷ ಆ ಸೀಮೆಯಲ್ಲಿ ಬರಗಾಲವೇನೂ ಇರಲಿಲ್ಲ. ಹೊಲಗಳಲ್ಲಿ ಬೆಳೆ ಬಂದಿತ್ತು, ದನಗಳಿದ್ದವು. ಇರದಿದ್ದುದು ಬಂಡಿ, ಬಂಡಿ ಹೊಡೆಯುವವರು ಮತ್ತು ಮೇಲ್ವಿಚಾರಣೆ. ಸರಬರಾಜಿನ ಮುಖ್ಯಾಧಿಕಾರಿ ರಾಜೀನಾಮೆ ಕೊಟ್ಟ ಮೇಲೆ ತಿಂಗಳುಗಟ್ಟಲೆ ಆ ಜಾಗ ತೆರವಾಗಿಯೇ ಇತ್ತು. ರೈತರಾದರೂ ಕಾಗದದ ನೋಟು ಕೊಡುವ ತಮ್ಮ ಸೈನ್ಯಕ್ಕಿಂತ ಚಿನ್ನದ ನಾಣ್ಯ ಕೊಡುವ ಬ್ರಿಟಿಷರಿಗೆ ಮಾರುವುದನ್ನೇ ಮೇಲೆಂದು ತಿಳಿದರು. 1778ರ ಮಾರ್ಚ್‌ನಲ್ಲಿ ನಥಾನಿಯಲ್ ಗ್ರೀನ್ ಎಂಬ ಸೇನಾಧಿಕಾರಿ, ತನಗೆ ಇಷ್ಟವಿಲ್ಲದಿದ್ದರೂ ಆ ಹೊಣೆಯನ್ನು ಹೊತ್ತ ಬಳಿಕ ಬಂಡಿಗಳು ಬರತೊಡಗಿದವು. ಅದೇ ಚಳಿಗಾಲದಲ್ಲಿ ಬಂದ ಪ್ರಷ್ಯಾದ ಸ್ಟೂಬೆನ್ ಸೈನಿಕರಿಗೆ ಕವಾಯತು ಕಲಿಸಿದ ಕಥೆ ಪ್ರಸಿದ್ಧವಾದದ್ದು. ಅವನು ರೂಪಿಸಿ 1779ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ನಿಯಮಗಳಲ್ಲಿ ಕವಾಯತಿಗಿಂತ ನನಗೆ ಹೆಚ್ಚಿನದಾಗಿ ಕಾಣುವ ಒಂದು ಮಾತಿದೆ: ತನ್ನ ಕಂಪನಿಯ ಸೈನಿಕರ ಪ್ರೀತಿಯನ್ನು ಗಳಿಸುವುದು ಕ್ಯಾಪ್ಟನ್ನನ ಮೊದಲ ಗುರಿಯಾಗಿರಬೇಕು, ಅವರ ದೂರುಗಳನ್ನು ವಿಚಾರಿಸಿ ಪರಿಹರಿಸಬೇಕು, ಕಾಯಿಲೆ ಬಿದ್ದವರನ್ನು ಹೋಗಿ ನೋಡಬೇಕು. ತಪ್ಪಿಗೆ ನೂರು ಛಡಿಯೇಟಿನವರೆಗೆ ಶಿಕ್ಷೆ ವಿಧಿಸಬಹುದಾಗಿದ್ದ ಸೈನ್ಯದಲ್ಲಿ ಇದನ್ನು ಬರಹಕ್ಕಿಳಿಸಿ ಕಾನೂನಾಗಿ ಮಾಡಿದ್ದು ಚಿಕ್ಕ ಸಂಗತಿಯಲ್ಲ.

ಹಸಿವನ್ನು ಬಂಡಿಯಿಂದ ಪರಿಹರಿಸಬಹುದು, ಬೆಲೆಯಿಲ್ಲದ ಪಗಾರವನ್ನು ಹೇಗೆ ಪರಿಹರಿಸುವುದು? ನಮ್ಮ ಭಾಗದ ಹಳಬರಿಗೆ ಎರಡು ನಾಣ್ಯಗಳ ತೊಡಕು ಹೊಸದಲ್ಲ. ನಿಜಾಮನ ಹಾಲಿ ಸಿಕ್ಕ, ಬ್ರಿಟಿಷರ ಕಲ್ದಾರ್, ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬ ಲೆಕ್ಕವನ್ನು ನಮ್ಮ ಅಜ್ಜಂದಿರು ಬಾಯಲ್ಲೇ ಹೇಳುತ್ತಿದ್ದರು. ಗದಗಿನ ಪೇಟೆಗೆ ಹೋಗಿಬರುವವರಿಗೆ ಅದರಿಂದ ಕಿರಿಕಿರಿಯಾದರೂ ಆ ಲೆಕ್ಕ ನಿಂತ ಲೆಕ್ಕ. ಅಮೆರಿಕದ ನೋಟಿನ ಲೆಕ್ಕ ನಿಲ್ಲಲಿಲ್ಲ. ಸುಮಾರು ಇಪ್ಪತ್ತು ಕೋಟಿ ಡಾಲರಿನ ಕಾಗದ ಅಚ್ಚಾಯಿತು, ಬ್ರಿಟಿಷರು ಖೋಟಾ ನೋಟುಗಳನ್ನೂ ಹರಿಯಬಿಟ್ಟರು, ಬಂಡಿ ತುಂಬ ಹಣ ಕೊಟ್ಟರೂ ಬಂಡಿ ತುಂಬ ಸಾಮಾನು ಸಿಗುವುದಿಲ್ಲವೆಂದು ವಾಷಿಂಗ್ಟನ್ 1779ರಲ್ಲಿ ಬರೆದರು, 1780ರ ಮಾರ್ಚ್‌ನಲ್ಲಿ ನಲವತ್ತು ಕಾಗದದ ಡಾಲರಿಗೆ ಒಂದು ಬೆಳ್ಳಿಯ ಡಾಲರ್ ಎಂದು ಕಾಂಗ್ರೆಸ್ಸೇ ಒಪ್ಪಿಕೊಂಡಿತು. ಅದೂ ಪಗಾರ ಬಂದರೆ ಮಾತ್ರ. ತಿಂಗಳುಗಟ್ಟಲೆ ಬಾರದೇ ಇದ್ದದ್ದೇ ಹೆಚ್ಚು.

ಮಾರಿಸ್‌ಟೌನ್‌ನ ಬಿಡಾರದಲ್ಲಿ ಕಳೆದ 1779-80ರ ಚಳಿಗಾಲ ವ್ಯಾಲಿ ಫೋರ್ಜ್‌ನದಕ್ಕಿಂತ ಕ್ರೂರವಾಗಿತ್ತು. ಹಿಮ ಬಿದ್ದು ಹಾದಿಗಳೆಲ್ಲ ಮುಚ್ಚಿ, ನ್ಯೂಯಾರ್ಕಿನ ಬಂದರೇ ಹೆಪ್ಪುಗಟ್ಟಿತು. ಕನೆಕ್ಟಿಕಟ್ ರಾಜ್ಯದ ಜೋಸೆಫ್ ಪ್ಲಮ್ ಮಾರ್ಟಿನ್ ಎಂಬ ಸೈನಿಕ, 1776ರಲ್ಲಿ ಹದಿನೈದನೆಯ ವಯಸ್ಸಿಗೆ ದಂಡು ಸೇರಿದವನು, ಮುಪ್ಪಿನಲ್ಲಿ ಬರೆದಿಟ್ಟ ನೆನಪುಗಳಲ್ಲಿ ಆ ಚಳಿಗಾಲದ ನಾಲ್ಕು ಹಗಲು ನಾಲ್ಕು ರಾತ್ರಿಗಳನ್ನು ವಿವರಿಸುತ್ತಾನೆ. ಆ ದಿನಗಳಲ್ಲಿ ಅವನ ಬಾಯಿಗೆ ಬಿದ್ದದ್ದು ಕಟ್ಟಿಗೆಯಿಂದ ಕಚ್ಚಿ ತೆಗೆದ ಬರ್ಚ್ ಮರದ ತೊಗಟೆ ಮಾತ್ರ. ಕೆಲವರು ತಮ್ಮ ಹಳೆಯ ಬೂಟುಗಳನ್ನು ಸುಟ್ಟು ತಿಂದುದನ್ನು ಅವನು ನೋಡಿದ್ದ. ಆಗ ವಾಷಿಂಗ್ಟನ್ ನ್ಯೂಜೆರ್ಸಿಯ ಜಿಲ್ಲೆಗಳಿಗೆ ಇಷ್ಟಿಷ್ಟು ದನ, ಇಷ್ಟಿಷ್ಟು ಕಾಳು ಎಂದು ಪಾಲು ನಿಗದಿಪಡಿಸಿ ಅಧಿಕಾರಿಗಳನ್ನು ಕಳುಹಿಸಿದರು. ಮೊದಲು ಊರಿನ ನ್ಯಾಯಾಧಿಕಾರಿಗಳ ಮೂಲಕ ಕೇಳಬೇಕು, ಕೊಟ್ಟದ್ದಕ್ಕೆ ರಸೀದಿ ಕೊಡಬೇಕು, ಕೊಡದಿದ್ದರೆ ಬಲವಂತವಾಗಿ ತರಬೇಕು ಎಂಬುದು ಅಪ್ಪಣೆ. ಬಲಪ್ರಯೋಗದ ಅಗತ್ಯ ಹೆಚ್ಚಾಗಿ ಬೀಳಲಿಲ್ಲ, ಜನ ಕೊಟ್ಟರು. ನಮ್ಮ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬರುವುದನ್ನು ಕಂಡ ನಮಗೆ ಇದು ಅರ್ಥವಾಗುತ್ತದೆ. ಊರು ಊರಾಗಿ ಕೇಳಿದಾಗ ಸಿಗುವ ಧಾನ್ಯ, ಒಬ್ಬೊಬ್ಬರ ಬಾಗಿಲು ಬಡಿದು ಹೆದರಿಸಿದರೆ ಸಿಗುವುದಿಲ್ಲ. ಜಾತ್ರೆಗೆ ಭಕ್ತಿ ಇದೆ, ದಂಡಿಗೆ ಅದಿರಲಿಲ್ಲ ಎಂಬ ವ್ಯತ್ಯಾಸವನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಮಾರ್ಟಿನ್‌ನ ಬರಹದಲ್ಲಿ ಇನ್ನೊಂದು ಸಂಜೆಯಿದೆ. 1780ರ ಮೇ 25. ಮಾಂಸ ಕಂಡು ದಿನಗಳಾಗಿದ್ದವು, ಪಗಾರ ಕಂಡು ತಿಂಗಳುಗಳಾಗಿದ್ದವು. ಸಂಜೆಯ ಹಾಜರಿಯ ಹೊತ್ತಿನಲ್ಲಿ ಗೊಣಗಾಟ ಆರಂಭವಾಗಿ, ಕನೆಕ್ಟಿಕಟ್‌ನ ಎರಡು ರೆಜಿಮೆಂಟುಗಳು ಅಪ್ಪಣೆಯಿಲ್ಲದೆ ಬಂದೂಕು ಹಿಡಿದು ಸಾಲಾಗಿ ನಿಂತವು. ತಡೆಯಲು ಬಂದ ಕರ್ನಲ್ ಮೇಗ್ಸ್ ಅವರಿಗೆ ಬಯೋನೆಟ್ಟಿನ ತಿವಿತ ತಗುಲಿತು. ಮೇಗ್ಸ್ ಸೈನಿಕರ ಬಗ್ಗೆ ಕಳಕಳಿಯುಳ್ಳ ಅಧಿಕಾರಿಯಾಗಿದ್ದರೆಂದು ಮಾರ್ಟಿನ್ ವಿಷಾದದಿಂದಲೇ ಬರೆಯುತ್ತಾನೆ. ಇವರನ್ನು ಸುತ್ತುವರಿಯಲು ಪೆನ್ಸಿಲ್ವೇನಿಯಾದ ದಳವನ್ನು ಕರೆಸಿದರು. ಆದರೆ ಏತಕ್ಕಾಗಿ ಈ ಗಲಾಟೆ ಎಂದು ಗೊತ್ತಾದೊಡನೆ ಆ ದಳದವರು ತಾವೂ ಇವರನ್ನೇ ಸೇರಿಕೊಳ್ಳೋಣವೆಂದು ಮಾತಾಡತೊಡಗಿದ್ದರಿಂದ ಅವರನ್ನು ಅವಸರದಲ್ಲಿ ಬಿಡಾರಕ್ಕೆ ಹಿಂದೆ ಕಳುಹಿಸಬೇಕಾಯಿತು.

ಆಮೇಲೆ ಬಂದವರು ಪೆನ್ಸಿಲ್ವೇನಿಯಾದ ಕರ್ನಲ್ ವಾಲ್ಟರ್ ಸ್ಟುವರ್ಟ್. ಅವರು ಬೈಯಲಿಲ್ಲ. ನಿಮ್ಮ ಅಧಿಕಾರಿಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಿ ಹೇಳಿ ಸಾಕಾಯಿತು, ಯಾರೂ ಕಿವಿಗೊಡಲಿಲ್ಲ ಎಂದು ಇವರು ಉತ್ತರ ಕೊಟ್ಟರು. ನಿಮ್ಮ ಅಧಿಕಾರಿಗಳೂ ನಿಮ್ಮಂತೆಯೇ ಕಷ್ಟಪಡುತ್ತಿದ್ದಾರೆ, ನಮ್ಮ ಕೈಯಲ್ಲೂ ಕಾಸಿಲ್ಲ, ಮೊನ್ನೆ ಯಾರೋ ಒಂದು ಕೌಜುಗ ಮಾರಲು ತಂದರೆ ಅದನ್ನು ಕೊಳ್ಳಲು ನನ್ನ ಬಳಿ ಆರು ಪೆನ್ನಿ ಇರಲಿಲ್ಲ ಎಂದರು. ಈ ಚಳಿಗಾಲವೆಲ್ಲ ತಾಳ್ಮೆಯಿಂದ ಗಳಿಸಿದ ಹೆಸರನ್ನು ಈಗ ಕಾಲಡಿ ಹಾಕುತ್ತಿದ್ದೀರಿ, ಇರಲಿ, ನಾನು ಹೋಗಿ ನಿಮ್ಮ ಅಧಿಕಾರಿಗಳೊಂದಿಗೆ ಮಾತಾಡುತ್ತೇನೆ ಎಂದು ಹೇಳಿ ಹೊರಟರು. ರಾತ್ರಿ ಕಳೆಯುವ ಹೊತ್ತಿಗೆ ಸೈನಿಕರು ತಮ್ಮ ಗುಡಿಸಲುಗಳಿಗೆ ಹೋದರು. ನಮ್ಮ ಗಲಾಟೆಯಿಂದ ಒಳ್ಳೆಯದೇ ಆಯಿತು, ಕೂಡಲೇ ಆಹಾರ ಬಂತು ಎಂದು ಮಾರ್ಟಿನ್ ಮುಗಿಸುತ್ತಾನೆ. ಕೌಜುಗದ ಆ ಒಂದು ಮಾತನ್ನು ಸಭೆಯಲ್ಲಿ ನಾನು ಎರಡು ಬಾರಿ ಹೇಳಿದೆ. ಐವತ್ತು ವರ್ಷಗಳ ಬಳಿಕ ಮುದುಕನೊಬ್ಬ ತನ್ನ ದಂಗೆಯ ರಾತ್ರಿಯನ್ನು ನೆನೆಯುವಾಗ ಅವನ ನೆನಪಿನಲ್ಲಿ ಉಳಿದದ್ದು ಕರ್ನಲ್ಲನ ಖಾಲಿ ಜೇಬು. ಆದರೆ ಈ ರಾತ್ರಿಯಿಂದ ಸೈನಿಕರು ಇನ್ನೊಂದು ಪಾಠವನ್ನೂ ಕಲಿತರು. ಕೇಳಿದರೆ ಬಾರದ ಹಿಟ್ಟು ಬಂದೂಕು ಎತ್ತಿದರೆ ಬರುತ್ತದೆ ಎಂಬುದೇ ಆ ಪಾಠ. ಮೇಲಿನವರು ಈ ಪಾಠವನ್ನು ಕಲಿಸುವಂತಾದದ್ದು ಅವರ ದೊಡ್ಡ ತಪ್ಪು. ಅದರ ಫಲ ಏಳೇ ತಿಂಗಳಲ್ಲಿ ಕಾಣಿಸಿತು.

ಪೆನ್ಸಿಲ್ವೇನಿಯಾ ದಳದ ದೂರಿನ ತಿರುಳನ್ನು ನಮ್ಮ ಕೊಪ್ಪಳ, ರಾಯಚೂರಿನ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಗುಳೆ ಹೋಗುವವರಿಗೆ ಮೇಸ್ತ್ರಿ ಮುಂಗಡ ಕೊಡುವಾಗ 'ಮೂರು ತಿಂಗಳು, ಇಲ್ಲಾಂದ್ರ ಕೆಲಸ ಮುಗಿಯೋತನಕ' ಎಂದು ಹೇಳಿದನೆಂದುಕೊಳ್ಳಿ. ಮೂರು ತಿಂಗಳಾದ ಮೇಲೆ ಊರಿಗೆ ಹೊರಟವನನ್ನು, ಕೆಲಸ ಇನ್ನೂ ಮುಗಿದಿಲ್ಲ ಎಂದು ತಡೆದರೆ ಹೇಗೆ? 1776-77ರಲ್ಲಿ ಇಪ್ಪತ್ತು ಡಾಲರ್ ಮುಂಗಡ ಪಡೆದು ಈ ಸೈನಿಕರು ರುಜು ಹಾಕಿದ ಕರಾರಿನಲ್ಲಿ 'ಮೂರು ವರ್ಷ ಅಥವಾ ಯುದ್ಧ ಮುಗಿಯುವವರೆಗೆ' ಎಂದಿತ್ತು. ಯಾವುದು ಮೊದಲೋ ಅದು ಎಂದು ಸೈನಿಕರು ತಿಳಿದಿದ್ದರು, ಯಾವುದು ಕೊನೆಯೋ ಅದು ಎಂದು ಅಧಿಕಾರಿಗಳು ಹಿಡಿದು ಕೂತರು. ಸುಮಾರು ಒಂದು ವರ್ಷದಿಂದ ಪಗಾರವಿರಲಿಲ್ಲ. ಅದೇ ಹೊತ್ತಿಗೆ ಹೊಸದಾಗಿ ಸೇರುವವರಿಗೆ ಗಟ್ಟಿ ನಾಣ್ಯದಲ್ಲಿ ಇನಾಮು ಕೊಡುತ್ತಿದ್ದುದು ಹಳಬರ ಕಣ್ಣೆದುರೇ ನಡೆದಿತ್ತು.

1781ರ ಜನವರಿ 1ರ ರಾತ್ರಿ, ಹೊಸ ವರ್ಷದ ದಿನ, ಮಾರಿಸ್‌ಟೌನ್ ಸಮೀಪದ ಬಿಡಾರದಿಂದ ಸಾವಿರಕ್ಕೂ ಹೆಚ್ಚು ಸೈನಿಕರು ಬಂದೂಕು, ಫಿರಂಗಿಗಳೊಂದಿಗೆ ಹೊರಬಿದ್ದರು. ಗಲಭೆಯಲ್ಲಿ ಕ್ಯಾಪ್ಟನ್ ಆಡಮ್ ಬೆಟಿನ್ ಸತ್ತರು. ಪಿಸ್ತೂಲು ಹಿಡಿದು ಅಡ್ಡ ನಿಂತ ಜನರಲ್ ಆಂಥನಿ ವೇಯ್ನ್ ಅವರ ಎದೆಗೆ ಬಯೋನೆಟ್ಟುಗಳನ್ನು ಗುರಿಯಿಟ್ಟ ಸೈನಿಕರು, ನಿಮ್ಮನ್ನು ಪ್ರೀತಿಸುತ್ತೇವೆ, ಗೌರವಿಸುತ್ತೇವೆ, ಆದರೆ ಗುಂಡು ಹಾರಿಸಿದರೆ ನೀವು ಉಳಿಯುವುದಿಲ್ಲ, ನಾವು ಶತ್ರುವಿನ ಕಡೆ ಹೋಗುತ್ತಿಲ್ಲ, ಶತ್ರು ಈಗಲೇ ಎದುರಾದರೆ ನಿಮ್ಮ ಕೈಕೆಳಗೇ ನಿಂತು ಹೋರಾಡುತ್ತೇವೆ ಎಂದರು. ತಮ್ಮ ಸಾರ್ಜಂಟರನ್ನೇ ಸೇರಿಸಿ ಒಂದು ಪಂಚಾಯಿತಿ ಮಾಡಿಕೊಂಡು, ಸಾಲು ಮುರಿಯದೆ ಪ್ರಿನ್ಸ್‌ಟನ್ ಊರಿಗೆ ನಡೆದರು. ಈ ಸುದ್ದಿ ಕೇಳಿ ಹಿಗ್ಗಿದ ಬ್ರಿಟಿಷ್ ಸೇನಾಪತಿ ಕ್ಲಿಂಟನ್, ಬಾಕಿ ಪಗಾರವನ್ನು ನಾವೇ ಕೊಡುತ್ತೇವೆ ಬನ್ನಿ ಎಂದು ಇಬ್ಬರು ದೂತರನ್ನು ಕಳುಹಿಸಿದ. ದಂಗೆಯೆದ್ದ ಆ ಬರಿಹೊಟ್ಟೆಯ ಸೈನಿಕರು ಇಬ್ಬರನ್ನೂ ಹಿಡಿದು ಒಪ್ಪಿಸಿದರು. ಜನವರಿ 11ರಂದು ದೂತರನ್ನು ಗೂಢಚಾರರೆಂದು ಗಲ್ಲಿಗೇರಿಸಲಾಯಿತು. ಹಿಡಿದುಕೊಟ್ಟದ್ದಕ್ಕೆ ನೀಡಲು ಬಂದ ಚಿನ್ನದ ನಾಣ್ಯಗಳ ಬಹುಮಾನವನ್ನು ಸೈನಿಕರು ಮುಟ್ಟಲಿಲ್ಲ. ಒಂದು ವರ್ಷದಿಂದ ಪಗಾರ ಕಾಣದವರು ಅವರು ಎಂಬುದನ್ನು ಓದುಗರು ಇಲ್ಲಿ ಮತ್ತೊಮ್ಮೆ ನೆನೆಯಬೇಕು.

ಅವರೊಂದಿಗೆ ಮಾತುಕತೆಗೆ ಬಂದವರು ಪೆನ್ಸಿಲ್ವೇನಿಯಾ ಸರ್ಕಾರದ ಮುಖ್ಯಸ್ಥ ಜೋಸೆಫ್ ರೀಡ್. ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ ಅವರ ಹೆಂಡತಿ ಎಸ್ತರ್ ರೀಡ್ 1780ರ ಬೇಸಗೆಯಲ್ಲಿ ಫಿಲಡೆಲ್ಫಿಯಾದ ಹೆಂಗಸರನ್ನು ಕೂಡಿಸಿ ಮನೆಮನೆಗೆ ಹೋಗಿ ಸೈನಿಕರಿಗಾಗಿ ಮೂರು ಲಕ್ಷ ಡಾಲರಿಗೂ ಮೀರಿದ ಕಾಗದದ ಹಣ ಸಂಗ್ರಹಿಸಿದ್ದರು. ಅದನ್ನು ಗಟ್ಟಿ ನಾಣ್ಯಕ್ಕೆ ಬದಲಾಯಿಸಿ ಪ್ರತಿ ಸೈನಿಕನ ಕೈಗೆ ಎರಡೆರಡು ಡಾಲರ್ ಕೊಡಬೇಕೆಂದು ಅವರ ಬಯಕೆ. ಅಂಗಿಯೇ ಬೇಕೆಂದು ವಾಷಿಂಗ್ಟನ್ ಹಟ ಹಿಡಿದರು. ಒಮ್ಮೆ ಕೈಗೆ ಬೆಳ್ಳಿ ಬಂದರೆ ಕಾಗದದ ಪಗಾರದ ಮೇಲಿನ ಅಸಮಾಧಾನ ಇನ್ನಷ್ಟು ಬೆಳೆಯುತ್ತದೆಂಬ ಅಳುಕು ಅವರಿಗಿತ್ತು. ಎಸ್ತರ್ ತೀರಿಕೊಂಡ ಮೇಲೆ ಬೆಂಜಮಿನ್ ಫ್ರಾಂಕ್ಲಿನ್ನರ ಮಗಳು ಸಾರಾ ಬೇಶ್ ಮತ್ತು ಸಂಗಡಿಗರು ಕೆಲಸ ಮುಂದುವರಿಸಿ ಎರಡು ಸಾವಿರಕ್ಕೂ ಹೆಚ್ಚು ಅಂಗಿಗಳನ್ನು ಹೊಲಿಸಿದರು. ಹೊಲಿದವಳ ಹೆಸರು ಒಂದೊಂದು ಅಂಗಿಯ ಮೇಲೂ ಇತ್ತು. ಈ ವಿಷಯದಲ್ಲಿ ವಾಷಿಂಗ್ಟನ್ ಅವರ ಲೆಕ್ಕಾಚಾರ ನನಗೆ ಸರಿಯೆನಿಸುವುದಿಲ್ಲ. ಸೈನಿಕನಿಗೆ ಅಂಗಿ ಸೈನ್ಯವೇ ಕೊಡಬೇಕಾದ ವಸ್ತು. ಹೆಂಗಸರು ಕೊಡಬಯಸಿದ್ದು ಅದಕ್ಕೂ ಮೇಲಿನದನ್ನು. ಆದರೂ ಗುರುತಿಲ್ಲದ ಒಬ್ಬಳ ಹೆಸರನ್ನು ಮೈಮೇಲೆ ಹೊತ್ತು ಪಹರೆ ನಿಂತ ಸೈನಿಕನಿಗೆ ಊರು ತನ್ನನ್ನು ಮರೆತಿಲ್ಲವೆಂದು ಅನಿಸಿರಬೇಕು.

ರೀಡ್ ಅವರು ಪ್ರಿನ್ಸ್‌ಟನ್‌ನಲ್ಲಿ ಮಾಡಿದ ಒಪ್ಪಂದ ಹೀಗಿತ್ತು: ಇಪ್ಪತ್ತು ಡಾಲರಿಗೆ ಸೇರಿ ಮೂರು ವರ್ಷ ಮುಗಿಸಿದವರಿಗೆ ಬಿಡುಗಡೆ, ಕರಾರಿನ ಕಾಗದ ಸಿಗದಿದ್ದರೆ ಸೈನಿಕನ ಪ್ರಮಾಣವೇ ಸಾಕ್ಷಿ, ಬಟ್ಟೆ ಮತ್ತು ಬೂಟು, ಬಾಕಿ ಪಗಾರಕ್ಕೆ ನೋಟಿನ ಬೆಲೆ ಕುಸಿದಷ್ಟನ್ನು ಸೇರಿಸಿ ಲೆಕ್ಕ, ಯಾರಿಗೂ ಶಿಕ್ಷೆಯಿಲ್ಲ. ಅರ್ಧಕ್ಕೂ ಹೆಚ್ಚು ಮಂದಿ ಬಿಡುಗಡೆ ಪಡೆದರು. ಅವರಲ್ಲಿ ಸುಳ್ಳು ಪ್ರಮಾಣ ಮಾಡಿದವರೂ ಇದ್ದರೆಂಬುದು ಆಮೇಲೆ ಕಾಗದಗಳು ಸಿಕ್ಕಾಗ ಗೊತ್ತಾಯಿತು. ಆದರೆ ಹೀಗೆ ಹೋದವರಲ್ಲಿ ಅನೇಕರು ಮರಳಿ ಬಂದು ಮತ್ತೆ ಸೇರಿದರು ಎಂಬುದೂ ಅಷ್ಟೇ ನಿಜ.

ಅದೇ ತಿಂಗಳ 20ರಂದು ನ್ಯೂಜೆರ್ಸಿಯ ಇನ್ನೂರು ಮುನ್ನೂರು ಸೈನಿಕರು ಇದೇ ದಾರಿ ಹಿಡಿದರು. ಈ ಸಲ ವಾಷಿಂಗ್ಟನ್ ಮಾತುಕತೆಗೆ ಒಪ್ಪಲಿಲ್ಲ. ಸೈನ್ಯವೇ ಕರಗಿಹೋಗುತ್ತದೆಂಬ ಭಯ ಅವರಿಗಿತ್ತು, ಆ ಭಯ ಆಧಾರವಿಲ್ಲದ್ದೇನಲ್ಲ. ಜನರಲ್ ರಾಬರ್ಟ್ ಹೌ ಐದು ನೂರು ಮಂದಿಯೊಂದಿಗೆ ಹಿಮದಲ್ಲಿ ನಡೆದು 27ರ ಬೆಳಗ್ಗೆ ಪಾಂಪ್ಟನ್‌ನ ಗುಡಿಸಲುಗಳನ್ನು ಸುತ್ತುವರಿದರು. ಮುಂದಾಳುಗಳಲ್ಲಿ ಮೂವರನ್ನು ಆರಿಸಿ ಸ್ಥಳದಲ್ಲೇ ವಿಚಾರಣೆ ನಡೆಸಿ, ಒಬ್ಬನಿಗೆ ಕ್ಷಮೆ ಕೊಟ್ಟು, ಡೇವಿಡ್ ಗಿಲ್ಮೋರ್ ಮತ್ತು ಜಾನ್ ಟಟಲ್ ಎಂಬಿಬ್ಬರನ್ನು ಗುಂಡಿಟ್ಟು ಕೊಂದರು. ಗುಂಡು ಹಾರಿಸಿದವರು ಅವರದೇ ಜೊತೆಯ ಹನ್ನೆರಡು ಮಂದಿ ದಂಗೆಕೋರರು. ಬಂದೂಕು ಎತ್ತುವಾಗ ಅವರು ಅಳುತ್ತಿದ್ದರೆಂದು ಅಲ್ಲಿದ್ದ ವೈದ್ಯರೊಬ್ಬರು ಬರೆದಿಟ್ಟಿದ್ದಾರೆ. ನನ್ನನ್ನು ಕಾಡುವ ಸಂಗತಿಯೆಂದರೆ, ಹೌ ಅವರು ತಲುಪುವ ಹೊತ್ತಿಗೆ ಈ ಸೈನಿಕರಿಗೆ ಕ್ಷಮೆಯ ಭರವಸೆ ಸಿಕ್ಕು, ಅವರು ತಮ್ಮ ಗುಡಿಸಲುಗಳಿಗೆ ಮರಳಿ ಬಂದಿದ್ದರು. ಅಧಿಕಾರಿಗಳ ಮಾತನ್ನು ಪೂರ್ತಿ ಕೇಳುತ್ತಿರಲಿಲ್ಲ ಎಂಬುದು ಅವರ ಮೇಲಿದ್ದ ದೂರು. ಮೊದಲು ಎದ್ದವರಿಗೆ ಒಪ್ಪಂದ, ಎರಡನೆಯವರಾಗಿ ಎದ್ದವರಿಗೆ ಗುಂಡು. ಎರಡೂ ಗುಂಪುಗಳ ದೂರು ಒಂದೇ, ಬೇರೆಯಾಗಿದ್ದುದು ಅವರ ಸಂಖ್ಯೆ. ಸಾವಿರಕ್ಕೂ ಮೀರಿದವರೊಂದಿಗೆ ಮಾತಾಡಿದವರು ಇನ್ನೂರು ಜನರೊಂದಿಗೂ ಮಾತಾಡಬಹುದಿತ್ತು. ಸೈನ್ಯ ಉಳಿದದ್ದು ಆ ಗುಂಡುಗಳಿಂದಲೇ ಎಂದು ಬರೆಯುವ ಇತಿಹಾಸಕಾರರನ್ನು ನಾನು ಓದಿದ್ದೇನೆ. ಅವರ ವಾದ ನನ್ನನ್ನು ಒಪ್ಪಿಸಿಲ್ಲ.

ಅದೇ ವರ್ಷ ದಂಡು ಯಾರ್ಕ್‌ಟೌನಿನ ಕಡೆ ದಕ್ಷಿಣಕ್ಕೆ ನಡೆಯುವಾಗ, ಒಂದು ತಿಂಗಳ ಪಗಾರವನ್ನಾದರೂ ಗಟ್ಟಿ ನಾಣ್ಯದಲ್ಲಿ ಕೊಡದಿದ್ದರೆ ಮುಂದೆ ಹೆಜ್ಜೆಯಿಡುವುದಿಲ್ಲ ಎಂಬ ಗುಸುಗುಸು ಎದ್ದಿತು. ಈ ಬಾರಿ ಮೇಲಿನವರು ಬಂದೂಕು ಏಳುವವರೆಗೆ ಕಾಯ್ದು ಕೂರಲಿಲ್ಲ. ಹಣಕಾಸಿನ ಹೊಣೆ ಹೊತ್ತಿದ್ದ ರಾಬರ್ಟ್ ಮಾರಿಸ್ ಫ್ರೆಂಚ್ ಸೇನೆಯಿಂದ ಬೆಳ್ಳಿಯನ್ನು ಕೈಗಡ ತಂದು ಹಂಚಿಸಿದರು. 1776ರಿಂದ ಈಚೆಗೆ ಪಗಾರವೆಂದು ನಾನು ಕಂಡ ನಿಜವಾದ ಹಣ ಇದೊಂದೇ, ಆಮೇಲೂ ಮತ್ತೆ ಕಾಣಲಿಲ್ಲ ಎಂದು ಮಾರ್ಟಿನ್ ಬರೆಯುತ್ತಾನೆ. ಎಂಟು ವರ್ಷಗಳ ಯುದ್ಧದಲ್ಲಿ ಒಂದು ತಿಂಗಳ ಪಗಾರ, ಅದೂ ಪರದೇಶದವರ ಸಾಲ.

1783ರ ಮಾರ್ಚ್ 15ರಂದು ನ್ಯೂಬರ್ಗ್ ಬಳಿಯ ಬಿಡಾರದಲ್ಲಿ, ಪಿಂಚಣಿಯ ಮಾತು ತಪ್ಪಿದ ಕಾಂಗ್ರೆಸ್ಸಿನ ಮೇಲೆ ಸಿಟ್ಟಾಗಿದ್ದ ಅಧಿಕಾರಿಗಳ ಮುಂದೆ ವಾಷಿಂಗ್ಟನ್ ಕನ್ನಡಕ ತೆಗೆದು ಹಾಕಿಕೊಂಡು, ನಿಮ್ಮ ಸೇವೆಯಲ್ಲಿ ತಲೆ ನರೆತದ್ದಷ್ಟೇ ಅಲ್ಲ, ಕಣ್ಣೂ ಮಂಜಾಯಿತು ಎಂದದ್ದನ್ನು ಎಲ್ಲರೂ ಹೇಳುತ್ತಾರೆ. ಮನ ಕಲಕುವ ಪ್ರಸಂಗವೇ ಹೌದು. ಆದರೆ ಅದರ ಫಲವಾಗಿ ಐದು ವರ್ಷದ ಪೂರ್ಣ ಪಗಾರದ ಭರವಸೆ ದೊರೆತದ್ದು ಅಧಿಕಾರಿಗಳಿಗೆ, ಸಾಮಾನ್ಯ ಸೈನಿಕರಿಗಲ್ಲ. ಅವರನ್ನು ಜೂನ್‌ನಲ್ಲಿ ರಜೆಯ ಮೇಲೆ ಎಂದು ಹೇಳಿ ಮನೆಗೆ ಕಳುಹಿಸಿದರು. ರಜೆ ಎಂದದ್ದು ಹೆಸರಿಗೆ. ಒಂದೇ ಸಲ ಬಿಡುಗಡೆ ಎಂದರೆ ಬಾಕಿ ಚುಕ್ತಾ ಮಾಡಬೇಕಾಗುತ್ತಿತ್ತು. ಕೈಗೆ ಬಂದದ್ದು ಬಾಕಿಯ ಮೊತ್ತ ಬರೆದ ಪತ್ರಗಳು. ಊರಿಗೆ ಹೋಗಲು ಹಾದಿ ಖರ್ಚಿಲ್ಲದವರು ಅವನ್ನು ರೂಪಾಯಿಗೆ ಎರಡಾಣೆಯ ಲೆಕ್ಕದಲ್ಲಿ ಸಾಹುಕಾರರಿಗೆ ಮಾರಿಕೊಂಡರು. 1790ರಲ್ಲಿ ಹೊಸ ಸರ್ಕಾರ ಆ ಪತ್ರಗಳ ಸಾಲವನ್ನು ತೀರಿಸಲು ಹೊರಟಾಗ, ಮೂಲದಲ್ಲಿ ಪತ್ರ ಪಡೆದ ಸೈನಿಕನಿಗೂ ಪಾಲು ಸಿಗಬೇಕೆಂದು ಜೇಮ್ಸ್ ಮ್ಯಾಡಿಸನ್ ವಾದಿಸಿದರು. ಆ ಸಲಹೆಯ ಪರವಾಗಿ 13, ವಿರುದ್ಧವಾಗಿ 36 ಮತ ಬಿದ್ದವು. ಪತ್ರ ಯಾರ ಕೈಯಲ್ಲಿತ್ತೋ ಅವರಿಗೇ ಹಣ ಸಂದಿತು.

ಉಪನ್ಯಾಸ ಮುಗಿದಾಗ, ಸೈನ್ಯದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಒಬ್ಬರು ಹಿಂದಿನ ಸಾಲಿನಿಂದ ಎದ್ದು, 'ಸರ, ಆ ತೊಗಟಿ ತಿಂದಾಂವ ಮುಂದ ಏನಾದ್ನ್ರೀ?' ಎಂದು ಕೇಳಿದರು. ಅಂದು ಚುಟುಕಾಗಿ ಉತ್ತರಿಸಿದ್ದೆ, ಇಲ್ಲಿ ಪೂರ್ತಿ ಬರೆಯುತ್ತೇನೆ. ಮಾರ್ಟಿನ್ ತನ್ನ ಪತ್ರಗಳಲ್ಲಿ ಕೆಲವನ್ನು ಮೈಮೇಲೆ ಮರ್ಯಾದೆಯ ಬಟ್ಟೆ ತೊಡುವುದಕ್ಕಾಗಿ ಮಾರಿದ. ನೂರು ಎಕರೆಯ ಮಾತನ್ನು ನಂಬಿ ಕಾದ ಸೈನಿಕರ ಬಗ್ಗೆ ಅವನು ಬರೆದ ಸಾಲುಗಳಲ್ಲಿ ಮುಪ್ಪಿನಲ್ಲೂ ಆರದ ಸಿಟ್ಟಿದೆ. ಮೇಯ್ನ್ ಎಂಬ ಉತ್ತರದ ಸೀಮೆಯಲ್ಲಿ ನೆಲೆ ನಿಂತು ದುಡಿದ. ಬಡ ಸೈನಿಕರಿಗೆ ಪಿಂಚಣಿ ಕೊಡುವ ಕಾನೂನು 1818ರಲ್ಲಿ, ಯುದ್ಧ ಮುಗಿದು ಮೂವತ್ತೈದು ವರ್ಷಗಳಾದ ಮೇಲೆ ಬಂತು. ತಿಂಗಳಿಗೆ ಎಂಟು ಡಾಲರ್. ಎರಡು ವರ್ಷದ ಬಳಿಕ, ತಾವು ನಿಜಕ್ಕೂ ಬಡವರೆಂದು ಪಿಂಚಣಿದಾರರು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಆಸ್ತಿಯ ಪಟ್ಟಿ ಕೊಡಬೇಕೆಂಬ ನಿಯಮವಾಯಿತು. ಅರವತ್ತರ ಸಮೀಪ ಬಂದಿದ್ದ ಮಾರ್ಟಿನ್ ಹೋಗಿ ತನ್ನ ಪಟ್ಟಿ ಬರೆಸಿದ. ಹಾಸಿಗೆ ಮತ್ತು ಮೈಮೇಲಿನ ಬಟ್ಟೆ ಬಿಟ್ಟರೆ ಅದರಲ್ಲಿದ್ದದ್ದು ಎರಡು ಹಸು, ಆರು ಕುರಿ, ಒಂದು ಹಂದಿ.